ಮೂರು ಜನ, ಒಂದು ಕಂಪ್ಯೂಟರ್

ನನ್ನ ಮೊದಲ ಕೋಡಿಂಗ್ ಸ್ಪರ್ಧೆಯಲ್ಲಿ ನಾನು ಗಳಿಸಿದ್ದು ಸೊನ್ನೆ. ತಮಾಷೆಗೆ ಹೇಳ್ತಿಲ್ಲ. ಫಸ್ಟ್ ಇಯರ್ ಎರಡನೇ ಸೆಮಿಸ್ಟರಿನಲ್ಲಿ ನಮ್ಮ ಫೆಸ್ಟಿನ ದಿನ, ಐದು ಪ್ರಶ್ನೆ, ಎರಡು ಗಂಟೆ. ಎರಡು ಗಂಟೆಯೂ ಎಸಿ ಲ್ಯಾಬಿನಲ್ಲಿ ಬೆವರುತ್ತಾ ಕೂತು ಎದ್ದು ಬಂದೆ. ಗೋಡೆಯ ಮೇಲೆ ಪ್ರೊಜೆಕ್ಟರಿನಲ್ಲಿ ರ‍್ಯಾಂಕ್ ಪಟ್ಟಿ ಓಡ್ತಿತ್ತು. ನನ್ನ ಹೆಸರು ನೋಡೋಕೆ ಕೆಳಗಡೆ ತನಕ ಸ್ಕ್ರಾಲ್ ಮಾಡಬೇಕಿತ್ತು. ಹೊರಗೆ ಬರುವಾಗ ಬಾಗಿಲ ಹತ್ತಿರ ಒಬ್ಬ ಸೀನಿಯರ್ "ಪಾರ್ಟಿಸಿಪೇಷನ್ ಸರ್ಟಿಫಿಕೇಟ್ ತಗೊಂಡು ಹೋಗಪ್ಪ" ಅಂತ ಕರೆದು ಕೊಟ್ಟ. ಅದು ಇವತ್ತಿಗೂ ನನ್ನ ಟ್ರಂಕಿನ ತಳದಲ್ಲಿದೆ.

ಈಗ ಫೈನಲ್ ಇಯರ್. ಕನ್ನಡ ಸಂಘದವರು "ಏನಾದ್ರೂ ಬರೀರಿ, ಟೆಕ್ನಿಕಲ್ ಆದ್ರೂ ಪರವಾಗಿಲ್ಲ" ಅಂದಾಗ ನೆನಪಾಗಿದ್ದು ಆ ಸೊನ್ನೆ. ಅಲ್ಲಿಂದ ಶುರು ಮಾಡ್ತೀನಿ.

ನಾನು ತಿಪಟೂರಿನ ಹತ್ತಿರದ ಹಳ್ಳಿಯವನು. ಹತ್ತನೇ ತರಗತಿವರೆಗೆ ಸರ್ಕಾರಿ ಶಾಲೆ, ಕನ್ನಡ ಮಾಧ್ಯಮ. ಮನೆಯಲ್ಲಿ ತೆಂಗಿನ ತೋಟ, ಅಟ್ಟದ ತುಂಬ ಕಾಯಿ. ನಮ್ಮ ಕಡೆ ಉಂಡೆ ಕೊಬ್ಬರಿಗೆ ಕಾಯಿಯನ್ನು ಹೆಚ್ಚುಕಡಿಮೆ ಒಂದು ವರ್ಷ ಅಟ್ಟದ ಮೇಲೆ ಒಣಗಲು ಬಿಡ್ತಾರೆ. ಒಡೆದು ನೋಡಲ್ಲ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಗಟ್ಟಿ ಉಂಡೆ ಲೊಟಲೊಟ ಅನ್ನುತ್ತೆ, ಆಗ ಆಗಿದೆ ಅಂತ ಲೆಕ್ಕ. ಅಂಥ ಮನೆಯಿಂದ ಬಂದು ಕಂಪ್ಯೂಟರ್ ಸೈನ್ಸ್ ತಗೊಂಡಿದ್ದಕ್ಕೆ ನಿಜವಾದ ಕಾರಣ ಏನೂ ಇಲ್ಲ. ಸಿಇಟಿಯಲ್ಲಿ ಬಂದ ರ‍್ಯಾಂಕಿಗೆ ಸಿಕ್ಕಿತು, ಎಲ್ಲರೂ "ಅದೇ ತಗೋ" ಅಂದರು, ತಗೊಂಡೆ. ಸೀಟು ಸಿಕ್ಕಮೇಲೆ ಲ್ಯಾಪ್‌ಟಾಪ್ ಬಂತು. ಅದಕ್ಕೂ ಮೊದಲು ನಾನು ಮುಟ್ಟಿದ್ದ ಕಂಪ್ಯೂಟರ್ ಅಂದರೆ ಊರಿನ ಸೈಬರ್ ಸೆಂಟರಿನದು, ಅದೂ ಅರ್ಜಿ ತುಂಬುವಾಗ.

ಆ ದಿನ ಸೊನ್ನೆ ಬಂದಿದ್ದಕ್ಕೆ ಎರಡು ಕಾರಣ. ಮೊದಲನೆಯದು ಇಂಗ್ಲಿಷ್. ಕೋಡ್ ಬರೆಯೋದಲ್ಲ, ಪ್ರಶ್ನೆ ಓದೋದು. ಪ್ರತಿ ಪ್ರಶ್ನೆಯಲ್ಲೂ ಆಲಿಸ್ ಮತ್ತು ಬಾಬ್ ಏನೋ ಆಟ ಆಡ್ತಿರ್ತಾರೆ, ಅರ್ಧ ಪುಟ ಕಥೆ, ಕೊನೆಗೆ ಒಂದು ಸಾಲು ಲೆಕ್ಕ. 'ನಾನ್-ಡಿಕ್ರೀಸಿಂಗ್' ಅನ್ನೋ ಪದದ ಮುಂದೆ ಇಪ್ಪತ್ತು ನಿಮಿಷ ಕೂತಿದ್ದೆ. ಏರುವುದು ಅಂತ ಹೇಳಬೇಕಾದರೆ ಏರುವುದು ಅಂತಲೇ ಹೇಳಬಹುದಲ್ಲ, 'ಇಳಿಯದ' ಅಂತ ಯಾಕೆ ಸುತ್ತಿ ಬಳಸಿ ಹೇಳ್ತಾರೆ? ಅಕ್ಕಪಕ್ಕದ ಸಂಖ್ಯೆಗಳು ಸಮ ಇದ್ದರೂ ನಡೆಯುತ್ತೆ ಅನ್ನೋದಕ್ಕೆ ಹಾಗೆ ಹೇಳೋದು ಅಂತ ಗೊತ್ತಾಗಿದ್ದು ಎಷ್ಟೋ ದಿನ ಆದಮೇಲೆ. 'ಅಟ್ ಮೋಸ್ಟ್' ಮತ್ತು 'ಅಟ್ ಲೀಸ್ಟ್' ಕೂಡ ಗಡಿಬಿಡಿಯಲ್ಲಿ ಅದಲುಬದಲಾಗ್ತಿದ್ದವು.

ಎರಡನೇ ಕಾರಣ ಇನ್ನೂ ಮುಖ್ಯ. ಒಂದು ಪ್ರಶ್ನೆ ನನಗೆ ಪೂರ್ತಿ ಅರ್ಥವಾಗಿತ್ತು. 2 ಲಕ್ಷ ಸಂಖ್ಯೆ ಕೊಟ್ಟಿರ್ತಾರೆ, ಅದರಲ್ಲಿ ಯಾವುದಾದರೂ ಎರಡನ್ನು ಕೂಡಿದರೆ ಒಂದು ನಿರ್ದಿಷ್ಟ ಮೊತ್ತ ಬರುತ್ತಾ ಅಂತ ಹೇಳಬೇಕು. ಇಷ್ಟೇ ತಾನೆ! ಒಂದು ಲೂಪು, ಅದರೊಳಗೆ ಇನ್ನೊಂದು ಲೂಪು, ಪ್ರತಿ ಜೋಡಿಯನ್ನೂ ಕೂಡಿ ನೋಡಿದೆ. ಕೊಟ್ಟ ಉದಾಹರಣೆಗೆ ಉತ್ತರ ಸರಿ ಬಂತು. ಸಬ್ಮಿಟ್ ಒತ್ತಿದೆ. 'ಟೈಮ್ ಲಿಮಿಟ್ ಎಕ್ಸೀಡೆಡ್'. ಮತ್ತೆ ಒತ್ತಿದೆ. ಅದೇ. ಏಳು ಸಲ ಅದೇ ಕೋಡನ್ನು ಕಳಿಸಿದೆ, ಸರ್ವರ್ರಿಗೆ ಯಾವಾಗಲಾದರೂ ಕರುಣೆ ಬರಬಹುದು ಅಂತ.

ರಾತ್ರಿ ಹಾಸ್ಟೆಲ್ಲಿನ ಮೆಟ್ಟಿಲ ಮೇಲೆ ಕೂತು ಅಪ್ಪನಿಗೆ ಫೋನ್ ಮಾಡಿದೆ. "ಏನೋ ಸ್ಪರ್ಧೆ ಅಂದಿದ್ದಲ್ಲ, ಏನಾಯ್ತು?" ಅಂದ್ರು. ಸೋತೆ ಅಂತ ನೇರವಾಗಿ ಹೇಳೋಕೆ ಬಾಯಿ ಬರದೆ ಪ್ರಶ್ನೆಯನ್ನೇ ತಿರುಗಿಸಿ ಕೇಳಿದೆ. "ಅಪ್ಪಾ, ಅಟ್ಟದ ಮೇಲೆ ಸಾವಿರ ಕಾಯಿ ಐತೆ ಅನ್ಕೋ. ಎರಡು ಕಾಯಿ ಸೇರಿ ಸರಿಯಾಗಿ ಒಂದು ಕೆಜಿ ಆಗ್ಬೇಕು. ಹೆಂಗೆ ಹುಡುಕ್ತೀಯಾ?"

ಅಪ್ಪ ಯೋಚನೆ ಕೂಡ ಮಾಡಲಿಲ್ಲ. "ಮೊದ್ಲು ಸಣ್ಣದು ದಪ್ಪದು ಅಂತ ವಿಂಗಡಿಸ್ಕೋತೀನಿ ಕಣಪ್ಪ. ಒಂದೊಂದನ್ನೂ ಎಲ್ಲಾದರ ಜೊತೆ ಎತ್ತೆತ್ತಿ ತೂಗ್ತಾ ಕೂತ್ರೆ ಯುಗಾದಿ ಬತ್ತದೆ."

ಮೊದಲು ವಿಂಗಡಿಸಿಕೊ. ಅಂದರೆ ಸಾರ್ಟ್ ಮಾಡು. ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ಜೋಡಿಸಿ, ಎಡತುದಿಯದನ್ನೂ ಬಲತುದಿಯದನ್ನೂ ಕೂಡಿ ನೋಡು. ಮೊತ್ತ ಜಾಸ್ತಿ ಆಯ್ತಾ, ಬಲಗಡೆಯಿಂದ ಒಂದು ಹೆಜ್ಜೆ ಒಳಗೆ ಬಾ. ಕಡಿಮೆ ಆಯ್ತಾ, ಎಡಗಡೆಯಿಂದ ಒಂದು ಹೆಜ್ಜೆ ಮುಂದೆ ಹೋಗು. ಎರಡು ಬೆರಳು ಮಧ್ಯೆ ಸೇರುವಷ್ಟರಲ್ಲಿ ಉತ್ತರ ಗೊತ್ತಾಗಿರುತ್ತೆ. ಆಮೇಲೆ ಲೆಕ್ಕ ಹಾಕಿದೆ. ನನ್ನ ದಾರಿಯಲ್ಲಿ 2 ಲಕ್ಷ ಸಂಖ್ಯೆಗೆ ಹತ್ತಿರ ಹತ್ತಿರ 2000 ಕೋಟಿ ಜೋಡಿ. ಸ್ಪರ್ಧೆಗಳಲ್ಲಿ ಸೆಕೆಂಡಿಗೆ ಸುಮಾರು 10 ಕೋಟಿ ಸಣ್ಣ ಕೆಲಸ ಅಂತ ಅಂದಾಜು ಇಟ್ಟುಕೊಳ್ತಾರೆ. ಅಂದರೆ 200 ಸೆಕೆಂಡು. ಕೊಟ್ಟಿದ್ದ ಸಮಯ ಒಂದು ಸೆಕೆಂಡು. ಸಾರ್ಟ್ ಮಾಡಿಕೊಂಡರೆ 2 ಲಕ್ಷಕ್ಕೆ ಸುಮಾರು 18 ಪಟ್ಟು, 36 ಲಕ್ಷ ಹೆಜ್ಜೆ. ಕಣ್ಣು ಮುಚ್ಚಿ ತೆರೆಯೋದರೊಳಗೆ ಮುಗಿಯುತ್ತೆ.

ಕ್ಲಾಸಿನಲ್ಲಿ 'ಟೈಮ್ ಕಾಂಪ್ಲೆಕ್ಸಿಟಿ' ಅಂತ ಬೋರ್ಡಿನ ಮೇಲೆ ಬರೆದಿದ್ದನ್ನು ನಾನು ನೋಟ್ಸಿಗೆ ಇಳಿಸಿಕೊಂಡಿದ್ದೆ, ಇಂಟರ್ನಲ್ಸಿನಲ್ಲಿ ಬರೆದೂ ಇದ್ದೆ. ಅದಕ್ಕೆ ಏನರ್ಥ ಅಂತ ಮೊದಲ ಸಲ ತಿಳಿದಿದ್ದು ಆ ಮೆಟ್ಟಿಲ ಮೇಲೆ. ಅವತ್ತು ರಾತ್ರಿ ಎರಡು ಗಂಟೆಯವರೆಗೆ ಕೂತು ಬರೆದು, ಪ್ರಾಕ್ಟೀಸ್ ಪುಟದಲ್ಲಿ ಕಳಿಸಿದೆ. ಹಸಿರು ಬಣ್ಣದಲ್ಲಿ 'ಆಕ್ಸೆಪ್ಟೆಡ್' ಅಂತ ಬಂತು. ಸ್ಪರ್ಧೆ ಮುಗಿದು ಹನ್ನೆರಡು ಗಂಟೆ ಆಗಿತ್ತು, ಯಾರೂ ನೋಡ್ತಿರಲಿಲ್ಲ. ರೂಮ್‌ಮೇಟನ್ನು ಎಬ್ಬಿಸಿ ತೋರಿಸಿದೆ. ಬೈಸಿಕೊಂಡೆ.

ಅಲ್ಲಿಂದ ಹಿಡಿಯಿತು ನೋಡಿ ಹುಚ್ಚು. ಕೋಡ್‌ಚೆಫ್, ಕೋಡ್‌ಫೋರ್ಸಸ್, ಒಂದೊಂದೇ ಗೊತ್ತಾಗ್ತಾ ಬಂತು. ಈ ಸ್ಪರ್ಧೆಗಳಿಗೆ ಇಷ್ಟು ದೊಡ್ಡ ಚರಿತ್ರೆ ಇದೆ ಅಂತಲೂ ಆಗಲೇ ತಿಳಿದಿದ್ದು. ಕಾಲೇಜು ತಂಡಗಳ ಐಸಿಪಿಸಿಯ ಬೇರು ಇರೋದು 1970ರಲ್ಲಿ, ಅಮೆರಿಕದ ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲಿ ನಡೆದ ಒಂದು ಸ್ಪರ್ಧೆಯಲ್ಲಿ. ಶಾಲಾ ಮಕ್ಕಳ ಅಂತರರಾಷ್ಟ್ರೀಯ ಇನ್ಫರ್ಮ್ಯಾಟಿಕ್ಸ್ ಒಲಿಂಪಿಯಾಡ್, ಅಂದರೆ ಐಒಐ, 1989ರಲ್ಲಿ ಬಲ್ಗೇರಿಯಾದಲ್ಲಿ ಶುರುವಾಯ್ತು. ಬೆಲಾರೂಸಿನ ಗೋಮೆಲ್ ಊರಿನ ಗೆನ್ನಡಿ ಕೊರೊಟ್ಕೆವಿಚ್ 2006ರಲ್ಲಿ ಅಲ್ಲಿ ಬೆಳ್ಳಿ ಗೆದ್ದಾಗ ಅವನಿಗೆ 11 ವರ್ಷ. ಮುಂದಿನ ಆರು ವರ್ಷವೂ ಬಂಗಾರ. ನಾನು ಹನ್ನೊಂದನೇ ವಯಸ್ಸಿನಲ್ಲಿ ಏನು ಮಾಡ್ತಿದ್ದೆ ಅಂತ ಯೋಚಿಸಿದೆ. ಕಾಯಿ ಎಣಿಸ್ತಿದ್ದೆ.

ಐಒಐ ಬಗ್ಗೆ ನನಗೆ ಹೊಟ್ಟೆಕಿಚ್ಚು ತಂದ ವಿಷಯ ಇನ್ನೊಂದು. ಸ್ಪರ್ಧೆಯ ಹಿಂದಿನ ರಾತ್ರಿ ಪ್ರತಿ ದೇಶದ ತಂಡದ ಮುಖ್ಯಸ್ಥರು ಕೂತು ಪ್ರಶ್ನೆಗಳನ್ನು ತಮ್ಮ ಮಕ್ಕಳ ಭಾಷೆಗೆ ಅನುವಾದ ಮಾಡ್ತಾರೆ. ಬೆಳಿಗ್ಗೆ ಮಗು ತನ್ನ ಭಾಷೆಯಲ್ಲೇ ಪ್ರಶ್ನೆ ಓದಬಹುದು. ಅಲ್ಲಿ ಪರೀಕ್ಷೆ ಮಾಡೋದು ಯೋಚನೆಯನ್ನ, ಇಂಗ್ಲಿಷನ್ನಲ್ಲ. ಇದನ್ನು ಓದಿದ ದಿನ ನಾನೂ ಒಂದು ನೋಟ್‌ಬುಕ್ ಮಾಡಿದೆ. ಎಡಗಡೆ ಪದ, ಬಲಗಡೆ ಕನ್ನಡದಲ್ಲಿ ಅರ್ಥ. 'ಸಬ್‌ಸ್ಟ್ರಿಂಗ್: ಮಧ್ಯೆ ಬಿಡದೆ ಕತ್ತರಿಸಿದ ತುಂಡು. ಸಬ್‌ಸೀಕ್ವೆನ್ಸ್: ಮಧ್ಯೆ ಬಿಟ್ಟು ಬಿಟ್ಟು ಆರಿಸಬಹುದು, ಆದರೆ ಕ್ರಮ ತಪ್ಪಬಾರದು.' ಆ ನೋಟ್‌ಬುಕ್ ಈಗ ನಮ್ಮ ಹಾಸ್ಟೆಲ್ಲಿನಲ್ಲಿ ಜೆರಾಕ್ಸ್ ಆಗಿ ಓಡಾಡ್ತಿದೆ. ಬರೆದವರು ಯಾರು ಅಂತ ಇವತ್ತು ಗೊತ್ತಾಗಲಿ.

ಸೆಕೆಂಡ್ ಇಯರಿನಲ್ಲಿ ಟೀಮ್ ಆಯ್ತು. ಐಸಿಪಿಸಿಯ ನಿಯಮ ಸರಳ: ಮೂರು ಜನ, ಒಂದೇ ಕಂಪ್ಯೂಟರ್, ಐದು ಗಂಟೆ. ನಮ್ಮಲ್ಲಿ ಊರ ಹೆಸರಿನಿಂದ ಕರೆಯೋದು ರೂಢಿ, ಅದಕ್ಕೇ ಇಲ್ಲೂ ಹಾಗೇ ಬರೀತೀನಿ. ನಾನು ತಿಪಟೂರು. ನನ್ನ ವಿಂಗಿನವನು ಬಾಗಲಕೋಟೆ, ಟೈಪಿಂಗ್ ಸ್ಪೀಡಿನಲ್ಲಿ ಅವನನ್ನು ಮೀರಿಸೋರಿಲ್ಲ, ತಪ್ಪು ಹುಡುಕೋದರಲ್ಲೂ. ಮೂರನೆಯವಳು ಪುತ್ತೂರು, ಗಣಿತದಲ್ಲಿ ನಮ್ಮಿಬ್ಬರನ್ನೂ ಸೇರಿಸಿದರೂ ಅವಳ ಅರ್ಧ. ರಾತ್ರಿ ಎಂಟರಿಂದ ಹತ್ತು ನಡೆಯೋ ಸ್ಪರ್ಧೆಗಳಿಗೆ ನಾವಿಬ್ಬರು ಲ್ಯಾಬಿನಲ್ಲಿ ಕೂರ್ತಿದ್ವಿ. ಅವಳ ಹಾಸ್ಟೆಲ್ ಗೇಟು ಎಂಟೂವರೆಗೆ ಬಂದ್, ಹಾಗಾಗಿ ಅವಳು ರೂಮಿನಿಂದ ಫೋನಿನಲ್ಲಿ. ವೈಫೈ ಹೋದರೆ ಅವಳ ಅರ್ಧ ವಾಕ್ಯ ಗಾಳಿಯಲ್ಲಿ. ಈ ಬಗ್ಗೆ ಅವಳೇ ಒಂದು ಲೇಖನ ಬರೀಬೇಕು, ನಾನು ಬರೆದರೆ ಚೆನ್ನಾಗಿರಲ್ಲ.

ಈಗ ಬರೆಯೋಕೆ ಕಷ್ಟ ಆಗೋ ಭಾಗ.

ಆನ್‌ಲೈನ್ ಸ್ಪರ್ಧೆಗಳಲ್ಲಿ ರೇಟಿಂಗ್ ಅಂತ ಇರುತ್ತೆ, ನಿಮಗೆ ಗೊತ್ತು. ಚೆನ್ನಾಗಿ ಮಾಡಿದರೆ ಏರುತ್ತೆ, ಇಲ್ಲದಿದ್ದರೆ ಇಳಿಯುತ್ತೆ. ಸಂಖ್ಯೆಗೆ ತಕ್ಕ ಬಣ್ಣ. ಮೊದಮೊದಲು ಪ್ರಶ್ನೆ ಬಿಡಿಸೋದೇ ಖುಷಿಯಾಗಿತ್ತು. ಥರ್ಡ್ ಇಯರ್ ಬರೋ ಹೊತ್ತಿಗೆ ಬೆಳಿಗ್ಗೆ ಎದ್ದ ತಕ್ಷಣ ನೋಡೋದು ಆ ಸಂಖ್ಯೆ. ಸೀನಿಯರ್‌ಗಳು "ಇಂಟರ್ನ್‌ಶಿಪ್ ರೆಸ್ಯೂಮೆಗೆ ರೇಟಿಂಗ್ ಹಾಕು" ಅಂತಿದ್ರು. ಕ್ಲಾಸಿನಲ್ಲಿ ಒಬ್ಬನ ಬಣ್ಣ ಬದಲಾದರೆ ವಾಟ್ಸಾಪ್ ಸ್ಟೇಟಸ್. ನನ್ನದು ಮೂರು ತಿಂಗಳಿಂದ ಒಂದೇ ಕಡೆ ಕೂತಿತ್ತು. ಇಳಿಯುತ್ತೆ ಅನ್ನೋ ಭಯಕ್ಕೆ ಕೆಲವು ವಾರ ಸ್ಪರ್ಧೆಗೇ ಕೂರಲಿಲ್ಲ. ಸೋಲೋಕೆ ಹೆದರಿ ಆಟವನ್ನೇ ಬಿಡೋದು ಎಂಥ ಹುಚ್ಚು ಅಂತ ಈಗ ಅನ್ಸುತ್ತೆ.

ಒಂದು ರಾತ್ರಿ ಸ್ಪರ್ಧೆಯ ಮಧ್ಯೆ ಯಾರೋ ಒಂದು ಟೆಲಿಗ್ರಾಮ್ ಗ್ರೂಪಿನ ಲಿಂಕ್ ಕಳಿಸಿದರು. ಅಲ್ಲಿ ನಾಲ್ಕನೇ ಪ್ರಶ್ನೆಯ ಪೂರ್ತಿ ಕೋಡ್ ಬಂದಿತ್ತು. ಇನ್ನು ಹದಿನೆಂಟು ನಿಮಿಷ ಉಳಿದಿತ್ತು. ವೇರಿಯಬಲ್ ಹೆಸರು ಬದಲಾಯಿಸಿದೆ, ಫಾರ್ ಇದ್ದ ಕಡೆ ವೈಲ್ ಹಾಕಿದೆ, ಕಳಿಸಿದೆ. ಆಕ್ಸೆಪ್ಟೆಡ್. ಬೆಳಿಗ್ಗೆ ಬಣ್ಣ ಬದಲಾಗಿತ್ತು. ನಾನು ಸ್ಟೇಟಸ್ ಹಾಕಿದೆ. ಹೌದು, ಸ್ಟೇಟಸ್ ಕೂಡ ಹಾಕಿದೆ.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಪುತ್ತೂರು ಪೆನ್ನು ಪೇಪರ್ ಹಿಡಿದುಕೊಂಡು ಬಂದು ಎದುರಿಗೆ ಕೂತಳು. ಮುಖದ ತುಂಬ ಖುಷಿ. "ಏ ಮಾರಾಯ, ನಾಲ್ಕನೇದ್ದು ನೀನು ಹೇಗೆ ಮಾಡಿದ್ದು? ನಾನು ಒಂದು ಗಂಟೆ ತಲೆ ಕೆಡಿಸಿಕೊಂಡೆ, ಆಗ್ಲೇ ಇಲ್ಲ. ನನಗೆ ಒಮ್ಮೆ ಹೇಳಿಕೊಡು."

ಅವಳಿಗೆ ಅನುಮಾನ ಇರಲಿಲ್ಲ. ಅದೇ ಕಷ್ಟ ಆಗಿದ್ದು. ಅನುಮಾನದಿಂದ ಕೇಳಿದ್ದರೆ ಜಗಳ ಆಡಬಹುದಿತ್ತು. ಅವಳಿಗೆ ನಿಜವಾಗಿಯೂ ಕಲಿಯಬೇಕಿತ್ತು. ನಾನು ಪೆನ್ನು ತಗೊಂಡೆ. ಒಂದು ಅರೇ ಬರೆದೆ. ಎರಡು ಬಾಣ ಹಾಕಿದೆ. ನಿಂತೆ. "ಅದು... ಬೈನರಿ ಸರ್ಚ್" ಅಂದೆ. "ಅದು ಸರಿ, ಆದ್ರೆ ಯಾವುದರ ಮೇಲೆ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಟೀ ಆರಿಹೋಗುವಷ್ಟು ಹೊತ್ತು ಸುಮ್ಮನೆ ಕೂತಿದ್ದೆ. ಅವಳಿಗೆ ಆಗ ಗೊತ್ತಾಯ್ತು. ಏನೂ ಅನ್ನಲಿಲ್ಲ. ಪೇಪರ್ ಮಡಿಸಿ ಬ್ಯಾಗಿಗೆ ಹಾಕಿಕೊಂಡು, "ಲ್ಯಾಬಿಗೆ ಹೊತ್ತಾಯ್ತು" ಅಂತ ಎದ್ದು ಹೋದಳು.

ಸಂಜೆ ಇಬ್ಬರಿಗೂ ನಾನೇ ಹೇಳಿದೆ. ಬಾಗಲಕೋಟೆಗೆ ಸಿಟ್ಟು ನೆತ್ತಿಗೇರಿತು. "ಟೀಮಿನ್ಯಾಗ ಒಬ್ಬ ಕದ್ದರ ಮೂರೂ ಮಂದಿ ಕಳ್ಳರಾಗ್ತೀವೋ. ನಾಳೆ ನಾವ್ ಖರೇನ ಬಿಡಿಸಿದ್ರೂ ಮಂದಿ ನಂಬೂದಿಲ್ಲ. ತಿಳೀತೇನಲೇ?" ನಾಲ್ಕು ದಿನ ಮಾತು ಬಿಟ್ಟ. ಒಂದೇ ವಿಂಗಿನಲ್ಲಿದ್ದು, ಒಂದೇ ನಲ್ಲಿಯಲ್ಲಿ ಹಲ್ಲುಜ್ಜುತ್ತಾ ನಾಲ್ಕು ದಿನ ಮಾತಾಡದೇ ಇರೋದು ಎಷ್ಟು ಉದ್ದ ಅಂತ ಹಾಸ್ಟೆಲ್ಲಿನವರಿಗೆ ಗೊತ್ತಿರುತ್ತೆ. ಆ ವಾರವೇ ಸೈಟಿನಿಂದ ಮೇಲ್ ಬಂತು: ನಿಮ್ಮ ಕೋಡ್ ಬೇರೆಯವರ ಕೋಡಿನ ಜೊತೆ ಹೊಂದುತ್ತಿದೆ, ರೇಟಿಂಗ್ ಕಡಿತ. ಹೆಸರು ಬದಲಾಯಿಸಿದರೆ ಗೊತ್ತಾಗಲ್ಲ ಅನ್ಕೊಂಡಿದ್ದೆ. ಆ ತಂತ್ರಾಂಶಗಳು ಹೆಸರು ನೋಡೋದೇ ಇಲ್ಲ, ಕೋಡಿನ ಮೂಳೆ ನೋಡ್ತಾವೆ. ಸ್ಟೇಟಸ್ ಅಷ್ಟರಲ್ಲಿ ತಾನಾಗೇ ಹೋಗಿತ್ತು. ನೋಡಿದವರು ಮರೆತಿರಲಿಲ್ಲ.

ಆಮೇಲೆ ಮಾಡಿದ ಕೆಲಸ ಒಂದೇ. ಆ ಪ್ರಶ್ನೆಯನ್ನು ನಾನೇ ಬಿಡಿಸಬೇಕು ಅಂತ ಕೂತೆ. ನಾಲ್ಕು ಸಂಜೆ ಹಿಡಿಯಿತು. ಪ್ರಶ್ನೆಯ ತಿರುಳು ಹೀಗೆ: ಒಂದು ದಾರಿಯುದ್ದಕ್ಕೂ ಇಂತಿಂಥ ಜಾಗದಲ್ಲಿ ಗುಂಡಿಗಳಿವೆ, ಇಷ್ಟು ಸಸಿ ನೆಡಬೇಕು, ಹತ್ತಿರದ ಎರಡು ಸಸಿಗಳ ನಡುವಿನ ಅಂತರ ಆದಷ್ಟು ಹೆಚ್ಚಿರಬೇಕು. ಎಷ್ಟು ಹೆಚ್ಚು ಸಾಧ್ಯ? ನೇರವಾಗಿ ಉತ್ತರ ಹುಡುಕಲು ಹೋದರೆ ದಾರಿಯೇ ಕಾಣಲ್ಲ. ಉಪಾಯ ಏನಪ್ಪಾ ಅಂದರೆ ಉತ್ತರವನ್ನೇ ಊಹಿಸೋದು. "ಅಂತರ 50 ಆಗಲಿ" ಅಂದುಕೊ. ಮೊದಲ ಗುಂಡಿಯಲ್ಲಿ ನೆಡು, 50 ಅಥವಾ ಅದಕ್ಕಿಂತ ದೂರದ ಮುಂದಿನ ಗುಂಡಿಯಲ್ಲಿ ನೆಡು, ಹಾಗೇ ಹೋಗು. ಎಲ್ಲ ಸಸಿ ಮುಗಿದವಾ? ಹಾಗಿದ್ದರೆ 50ಕ್ಕಿಂತ ಹೆಚ್ಚು ಪ್ರಯತ್ನಿಸು. ಸಸಿ ಉಳಿದವಾ? ಕಡಿಮೆ ಮಾಡು. ಪ್ರತಿ ಸಲ ಉಳಿದ ಸಾಧ್ಯತೆ ಅರ್ಧಕ್ಕೆ ಇಳಿಯುತ್ತೆ. ಉತ್ತರ ನೂರು ಕೋಟಿಯವರೆಗೆ ಇರಬಹುದು ಅಂದರೂ 30 ಊಹೆ ಸಾಕು, ಯಾಕಂದರೆ 2ನ್ನು 30 ಸಲ ಗುಣಿಸಿದರೆ 107 ಕೋಟಿ ದಾಟುತ್ತೆ. ಪುತ್ತೂರು ಕೇಳಿದ "ಯಾವುದರ ಮೇಲೆ?" ಅನ್ನೋದಕ್ಕೆ ಉತ್ತರ ಇದು: ಅರೇಯ ಮೇಲಲ್ಲ, ಉತ್ತರದ ಮೇಲೆ.

ಐದನೇ ದಿನ ಅದೇ ಕ್ಯಾಂಟೀನಿಗೆ ಪೇಪರ್ ತಗೊಂಡು ಹೋದೆ. ಅವಳಿಗೆ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, "ಹ್ಞಾಂ, ಈಗ ಸರಿ ಉಂಟು" ಅಂದಳು. ಬಾಗಲಕೋಟೆ ಪಕ್ಕದ ಟೇಬಲ್ಲಿನಿಂದ ಕೇಳಿಸಿಕೊಳ್ತಿದ್ದ ಅಂತ ಕಾಣುತ್ತೆ. "ಕೊನೀ ಗುಂಡಿ ಚೆಕ್ ಮಾಡಿಲ್ಲ ನೀ" ಅಂದ. ನಾಲ್ಕು ದಿನದಲ್ಲಿ ಅವನ ಮೊದಲ ಮಾತು. ನೋಡಿದರೆ ಹೌದು, ಮಾಡಿರಲಿಲ್ಲ.

ಆ ವರ್ಷ ಆನ್‌ಲೈನ್ ಸುತ್ತು ದಾಟಿ ನಾವು ಐಸಿಪಿಸಿ ರೀಜನಲ್ಲಿಗೆ ಹೋದ್ವಿ, ಕೇರಳದ ಅಮೃತಪುರಿಗೆ. ಬೆಂಗಳೂರಿಂದ ರಾತ್ರಿ ರೈಲು, ಸ್ಲೀಪರ್. ಪುತ್ತೂರು ಮನೆಯಿಂದ ತಂದ ಹಲಸಿನ ಹಪ್ಪಳ, ಬಾಗಲಕೋಟೆಯ ಖಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿ, ನಮ್ಮನೆಯ ಕೊಬ್ಬರಿ ಮಿಠಾಯಿ. ಮೇಲಿನ ಬರ್ತಿನಲ್ಲಿ ಕೂತು ಪ್ರಿಂಟ್ ಹಾಕಿಸಿದ ಟಿಪ್ಪಣಿ ತಿರುವಿ ಹಾಕಿದ್ದೇ ಹಾಕಿದ್ದು. ಬೆಳಿಗ್ಗೆ ಎದ್ದಾಗ ಕಿಟಕಿಯ ಹೊರಗೆ ತೆಂಗಿನ ಮರ. ಒಂದು ಕ್ಷಣ ಊರಿಗೇ ಬಂದೆ ಅನ್ನಿಸಿತು.

ಸ್ಪರ್ಧೆಯ ಹಾಲಿನಲ್ಲಿ ಪ್ರತಿ ತಂಡಕ್ಕೆ ಒಂದು ಟೇಬಲ್ಲು, ಒಂದು ಕಂಪ್ಯೂಟರ್. ಒಂದು ಪ್ರಶ್ನೆ ಬಿಡಿಸಿದರೆ ನಿಮ್ಮ ಟೇಬಲ್ಲಿಗೆ ಒಂದು ಬಲೂನ್ ತಂದು ಕಟ್ಟುತ್ತಾರೆ, ಪ್ರತಿ ಪ್ರಶ್ನೆಗೆ ಬೇರೆ ಬಣ್ಣ. ಇಪ್ಪತ್ತು ದಾಟಿದ ಎಂಜಿನಿಯರಿಂಗ್ ಹುಡುಗರು ಬಲೂನಿಗಾಗಿ ಹಾತೊರೆಯೋದನ್ನು ನೋಡಬೇಕಾದರೆ ಅಲ್ಲಿಗೇ ಹೋಗಬೇಕು. ತಪ್ಪು ಉತ್ತರ ಕಳಿಸಿ ಆಮೇಲೆ ಸರಿ ಮಾಡಿದರೆ ಪ್ರತಿ ತಪ್ಪಿಗೆ 20 ನಿಮಿಷ ದಂಡ.

ಮೊದಲ ಬಲೂನ್ ಇಪ್ಪತ್ತೈದು ನಿಮಿಷದಲ್ಲಿ ಬಂತು. ಹಾಲಿನಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಬಂದಿತ್ತು ಅನ್ನೋದು ಬೇರೆ ಮಾತು. ಎರಡನೆಯದು ನನ್ನದು. ಬರೆದೆ, ಕಳಿಸಿದೆ, ರಾಂಗ್ ಆನ್ಸರ್. ಮತ್ತೆ ನೋಡಿದೆ, ಎಲ್ಲ ಸರಿ ಇದೆ. ಮತ್ತೆ ಕಳಿಸಿದೆ, ಮತ್ತೆ ರಾಂಗ್. ನಲವತ್ತು ನಿಮಿಷ ದಂಡ. ಒಂದೇ ಕಂಪ್ಯೂಟರ್ ಅಲ್ವಾ, ಕೋಡನ್ನು ಪ್ರಿಂಟ್ ತಗೊಂಡು ನೆಲದ ಮೇಲೆ ಕೂತೆ, ಕಂಪ್ಯೂಟರನ್ನು ಪುತ್ತೂರಿಗೆ ಬಿಟ್ಟೆ. ಬಾಗಲಕೋಟೆ ಬಂದು ಪಕ್ಕದಲ್ಲಿ ಕೂತ. ಬೆರಳಿಟ್ಟು ಸಾಲು ಸಾಲು ಓದ್ತಾ ಬಂದ. "ಏ ತಿಪಟೂರ, 2 ಲಕ್ಷ ಸಂಖ್ಯಾ, ಒಂದೊಂದು ನೂರು ಕೋಟಿ. ಕೂಡಿದ್ರ ಎಷ್ಟಾತು? ಇಂಟ್‌ನ್ಯಾಗ ಹಿಡೀತದೇನೋ?" ಇಂಟ್ ಹಿಡಿಯೋದು 214 ಕೋಟಿ ಚಿಲ್ಲರೆ ಅಷ್ಟೇ. 'ಲಾಂಗ್ ಲಾಂಗ್' ಅಂತ ಒಂದು ಪದ ಬದಲಾಯಿಸಿದೆ. ಬಲೂನ್ ಬಂತು.

ಮೂರನೆಯದು ಪುತ್ತೂರಿನದು. ಒಮ್ಮುಖ ರಸ್ತೆಗಳಿರೋ ಊರುಗಳು, ಪ್ರತಿ ಊರಿನಿಂದಲೂ ರಾಜಧಾನಿಗೆ ಕನಿಷ್ಠ ದೂರ ಹೇಳಬೇಕು. ನಾನು ಪ್ರತಿ ಊರಿನಿಂದ ಒಂದೊಂದು ಸಲ ಡೈಕ್‌ಸ್ಟ್ರಾ ಓಡಿಸೋ ಯೋಚನೆಯಲ್ಲಿದ್ದೆ. ಖಂಡಿತ ಟೈಮ್ ಲಿಮಿಟ್. ಅವಳು ಪೇಪರಿನ ಮೇಲೆ ಬಾಣಗಳನ್ನೆಲ್ಲ ಹೊಡೆದು ಹಾಕಿ ಉಲ್ಟಾ ಬರೆದಳು. "ಎಂತಕ್ಕೆ ಎಲ್ಲಾ ಕಡೆಯಿಂದ ಬರುವುದು? ರಸ್ತೆ ತಿರುಗಿಸಿ ರಾಜಧಾನಿಯಿಂದ ಒಮ್ಮೆ ಹೊರಟರೆ ಆಯ್ತಲ್ಲ." ಒಂದೇ ಸಲ. ಎಡ್ಸ್‌ಗರ್ ಡೈಕ್‌ಸ್ಟ್ರಾ ಈ ಅಲ್ಗಾರಿದಮ್ಮನ್ನು 1956ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಒಂದು ಕೆಫೆಯಲ್ಲಿ ಕಾಫಿ ಕುಡಿಯುತ್ತಾ, ಪೆನ್ನು ಪೇಪರ್ ಇಲ್ಲದೆ, ಇಪ್ಪತ್ತು ನಿಮಿಷದಲ್ಲಿ ಯೋಚಿಸಿದ್ದಂತೆ. ನಮಗೆ ಅದನ್ನು ತಪ್ಪಿಲ್ಲದೆ ಟೈಪ್ ಮಾಡೋಕೆ ನಲವತ್ತು ನಿಮಿಷ ಆಯ್ತು. ಮೂರನೇ ಬಲೂನ್.

ಕೊನೆಯ ಗಂಟೆ ಸ್ಕೋರ್‌ಬೋರ್ಡನ್ನು ಫ್ರೀಜ್ ಮಾಡ್ತಾರೆ, ಬೇರೆಯವರು ಏನು ಮಾಡ್ತಿದ್ದಾರೆ ಅಂತ ಗೊತ್ತಾಗಲ್ಲ. ಸಿನಿಮಾ ಆಗಿದ್ದರೆ ಈಗ ನಾಲ್ಕನೇ ಪ್ರಶ್ನೆಯಾಗಿ ನಾನು ಕದ್ದಿದ್ದ ಆ ಸಸಿಯ ಪ್ರಶ್ನೆಯೇ ಬರಬೇಕಿತ್ತು. ಬರಲಿಲ್ಲ. ಬಂದಿದ್ದು ಯಾವುದೋ ಜ್ಯಾಮಿತಿ. ಮೂರು ಜನ ತಲೆಗೆ ತಲೆ ಕೊಟ್ಟು ಕೊನೆಯ ನಿಮಿಷದವರೆಗೂ ಕೂತೆವು, ಆಗಲಿಲ್ಲ. ಗೆದ್ದ ತಂಡಗಳು ನಮಗಿಂತ ಬಹಳ ಮುಂದಿದ್ದವು. ನಾವು ಎಷ್ಟನೆಯವರು ಅಂತ ಬರೆಯಲ್ಲ, ಮಧ್ಯಕ್ಕಿಂತ ಸ್ವಲ್ಪ ಕೆಳಗೆ ಅಂದರೆ ಸಾಕು. ಆದರೆ ವಾಪಸ್ ರೈಲಿನಲ್ಲಿ ಗಾಳಿ ಇಳಿದ ಮೂರು ಬಲೂನನ್ನು ಬರ್ತಿನ ಚೈನಿಗೆ ಕಟ್ಟಿ, ಆ ಜ್ಯಾಮಿತಿ ಪ್ರಶ್ನೆಯನ್ನು ಪಾಲಕ್ಕಾಡ್ ದಾಟುವ ತನಕ ಚರ್ಚೆ ಮಾಡ್ತಿದ್ವಿ. ರೇಟಿಂಗ್ ಇಲ್ಲ, ಸಮಯ ಮುಗಿದಿದೆ, ಇನ್ನು ಬಿಡಿಸಿದರೂ ಏನೂ ಸಿಗಲ್ಲ. ಆದರೂ ಬಿಡೋಕೆ ಆಗ್ತಿಲ್ಲ. ಆ ಫಸ್ಟ್ ಇಯರಿನ ರಾತ್ರಿ ಎರಡು ಗಂಟೆಯ ಖುಷಿ ಮತ್ತೆ ಸಿಕ್ಕಿತ್ತು.

ಸ್ಪರ್ಧಾ ಕೋಡಿಂಗ್ ಮಾಡಿದರೆ ಒಳ್ಳೆ ಎಂಜಿನಿಯರ್ ಆಗ್ತಾರೆ ಅಂತ ನಾನು ಹೇಳಲ್ಲ. ಇಂಟರ್ನ್‌ಶಿಪ್ಪಿಗೆ ಹೋದ ಮೊದಲ ವಾರ ನನ್ನ ಕೋಡ್ ನೋಡಿದ ಹಿರಿಯರು "ಏನಪ್ಪ, ವೇರಿಯಬಲ್ಲಿಗೆಲ್ಲ ಒಂದೊಂದೇ ಅಕ್ಷರನಾ?" ಅಂತ ನಕ್ಕಿದ್ದರು. ಬೇರೆಯವರು ಓದೋ ಹಾಗೆ ಬರೆಯೋದು, ಹಳೇ ಕೋಡನ್ನು ಕೆಡಿಸದೆ ಬದಲಾಯಿಸೋದು, ಇದ್ಯಾವುದನ್ನೂ ಸ್ಪರ್ಧೆ ಕಲಿಸಲ್ಲ. ಮನೆಯಲ್ಲಿ ಲ್ಯಾಪ್‌ಟಾಪ್, ಎಂಟನೇ ಕ್ಲಾಸಿನಿಂದ ಕೋಚಿಂಗ್ ಇದ್ದವರ ಜೊತೆ ಓಟ ಶುರು ಮಾಡೋದು ನ್ಯಾಯವೂ ಅಲ್ಲ. ಆದರೆ ಸಿಲಬಸ್ಸಿನಲ್ಲಿ ಸತ್ತು ಮಲಗಿದ್ದ ವಿಷಯಕ್ಕೆ ಜೀವ ಬಂದಿದ್ದು ನನಗೆ ಇಲ್ಲಿಂದಲೇ. ಆಸಕ್ತಿ ಹುಟ್ಟಿಸಿದ್ದೂ ಸ್ಪರ್ಧೆ, ಹೆಚ್ಚೂಕಮ್ಮಿ ಕೊಂದಿದ್ದೂ ಸ್ಪರ್ಧೆ. ಬದುಕಿಸಿದ್ದು ಮಾತ್ರ ಕ್ಯಾಂಟೀನಿನಲ್ಲಿ "ಹೇಳಿಕೊಡು" ಅಂತ ಕೇಳಿದವಳು.

ಹೋದ ದಸರಾ ರಜೆಯಲ್ಲಿ ನಾನು ಓದಿದ ಹೈಸ್ಕೂಲಿಗೆ ಹೋಗಿದ್ದೆ. ಲಿಥುವೇನಿಯಾದಲ್ಲಿ 2004ರಲ್ಲಿ ಶುರುವಾದ 'ಬೆಬ್ರಾಸ್' ಅಂತ ಒಂದು ಸ್ಪರ್ಧೆ ಇದೆ, ಈಗ ಭಾರತದಲ್ಲೂ ನಡೆಯುತ್ತೆ. ಬೆಬ್ರಾಸ್ ಅಂದರೆ ಅವರ ಭಾಷೆಯಲ್ಲಿ ಬೀವರ್ ಪ್ರಾಣಿ. ಅದರಲ್ಲಿ ಕೋಡ್ ಬರೆಯೋದೇ ಇಲ್ಲ, ಬರೀ ಯೋಚನೆಯ ಒಗಟುಗಳು. ಅದೇ ಮಾದರಿಯಲ್ಲಿ ನಾವು ಮೂವರೂ ಸೇರಿ ಕನ್ನಡದಲ್ಲಿ ಎಂಟು ಪ್ರಶ್ನೆ ಮಾಡಿದ್ವಿ, ಪೇಪರಿನಲ್ಲೇ. ಕಾಯಿ ತೂಗೋ ಪ್ರಶ್ನೆಯೂ ಒಂದು. ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಮೂರು ನಿಮಿಷ ಪೆನ್ಸಿಲ್ ಕಚ್ಚುತ್ತಾ ಕೂತವಳು ಕೈ ಎತ್ತಿದಳು. "ಅಣ್ಣ, ಮೊದ್ಲು ಜೋಡಿಸ್ಕೊಂಡು ಎರಡು ಕಡೆಯಿಂದ ಬಂದ್ರೆ ಆಗಲ್ವಾ?"

ನನಗೆ ಅದಕ್ಕೆ ಒಂದು ಫೆಸ್ಟ್, ಏಳು ಟೈಮ್ ಲಿಮಿಟ್ ಮತ್ತು ಒಬ್ಬ ಅಪ್ಪ ಬೇಕಾಗಿತ್ತು ತಂಗಿ, ಅಂತ ಹೇಳಲಿಲ್ಲ. "ಆಗುತ್ತೆ ಕಣಮ್ಮ. ಯಾಕೆ ಆಗುತ್ತೆ ಅಂತ ಬೋರ್ಡಿಗೆ ಬಂದು ಎಲ್ಲರಿಗೂ ಹೇಳು" ಅಂದೆ. ಬಂದು ಹೇಳಿದಳು.

ಫಸ್ಟ್ ಇಯರಿನವರಿಗೆ ಒಂದು ಮಾತು ಹೇಳಿ ಮುಗಿಸ್ತೀನಿ. ಪ್ರತಿ ಬುಧವಾರ ರಾತ್ರಿ ಎಂಟಕ್ಕೆ ಕೋಡ್‌ಚೆಫ್ ಸ್ಟಾರ್ಟರ್ಸ್ ಇರುತ್ತೆ. ಲ್ಯಾಬಿನಲ್ಲಿ ನಾನು ಮತ್ತು ಬಾಗಲಕೋಟೆ ಇರ್ತೀವಿ, ಪುತ್ತೂರು ಫೋನಿನಲ್ಲಿ. ಪ್ರಶ್ನೆಯ ಇಂಗ್ಲಿಷ್ ಅರ್ಥವಾಗದಿದ್ದರೆ ನೋಟ್‌ಬುಕ್ ಇದೆ. ಸೊನ್ನೆ ಬಂದರೆ ಬರಲಿ. ಗುರುವಾರ ಮಧ್ಯಾಹ್ನ ಕ್ಯಾಂಟೀನಿಗೆ ಬನ್ನಿ, ಆಗದೇ ಇದ್ದದ್ದನ್ನು ಕೂತು ಬಿಡಿಸೋಣ. ಪೆನ್ನು ನೀವೇ ತನ್ನಿ, ನನ್ನದು ಬಾಗಲಕೋಟೆ ತಗೊಂಡು ವಾಪಸ್ ಕೊಟ್ಟಿಲ್ಲ.